ಆನ್‌ಲೈನ್‌ನಲ್ಲಿ ಕೊಂಡ ಬೆಳ್ಳಿ ನಾಣ್ಯ: ಗೀರು ಬೀಳದಂತೆ ಪರೀಕ್ಷಿಸುವುದು ಹೇಗೆ?

ಬಿಲ್ಲೆ_31 (ಪ್ರಶ್ನೆ)
ಒಂದು ಔನ್ಸ್ (ಬೆಳ್ಳಿ-ಬಂಗಾರ ತೂಗುವ ಟ್ರಾಯ್ ಔನ್ಸ್, ಸುಮಾರು 31.1 ಗ್ರಾಂ) ನಾಣ್ಯ, ಮೇಲೆ 999 ಮುದ್ರೆ (ಸಾವಿರಕ್ಕೆ 999 ಪಾಲು ಬೆಳ್ಳಿ ಎಂದರ್ಥ) ಇದೆ. ತೂಕ 31.12 ಗ್ರಾಂ. ಆಯಸ್ಕಾಂತಕ್ಕೆ ಅಂಟುವುದಿಲ್ಲ, ಮೇಲಿಟ್ಟ ಐಸ್ ತುಂಡು ಬೇಗ ಕರಗುತ್ತದೆ. ಇಷ್ಟು ಸಾಕೇ? ವಾಪಸ್ ಕಳಿಸುವ ಗಡುವು ಇನ್ನೂ ಮುಗಿದಿಲ್ಲ, ಹಾಗಾಗಿ ಆ್ಯಸಿಡ್, ಅರ ಎರಡೂ ಬೇಡ. 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇದೆ.

ಒರೆಗಲ್ಲು
ಸಾಲದು. ತಾಮ್ರ, ಹಿತ್ತಾಳೆ, ಸೀಸ ಯಾವುದೂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಹೆಸರಲ್ಲಷ್ಟೇ ಬೆಳ್ಳಿ ಇರುವ ಜರ್ಮನ್ ಸಿಲ್ವರ್ ಕೂಡ ಸಾಮಾನ್ಯವಾಗಿ ಅಂಟದು. ಅಂಟಿದರೆ ನಕಲಿ ಅನ್ನಬಹುದು. ಅಂಟದಿದ್ದರೆ ಏನೂ ಗೊತ್ತಾಗಲಿಲ್ಲ ಅಂತಲೇ ಅರ್ಥ. ಐಸ್ ಆಟ ನೋಡಲು ಚೆಂದ, ಅಷ್ಟೆ. ಶಾಖ ಸಾಗಿಸುವುದರಲ್ಲಿ ತಾಮ್ರ ಬೆಳ್ಳಿಯ ಬೆನ್ನಿಗೇ ಇದೆ. ಬೆಳ್ಳಿ ನೀರು ಕೊಟ್ಟ ತಾಮ್ರದ ಬಿಲ್ಲೆಯ ಮೇಲೂ ಐಸ್ ಹಾಗೇ ಕರಗುತ್ತದೆ. 999 ಮುದ್ರೆ ಒತ್ತಲು ಒಂದು ಅಚ್ಚು ಇದ್ದರೆ ಸಾಕು, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಸಾಂದ್ರತೆ ನೋಡಿ. ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಿಂದ ಹೊರತೆಗೆದು ಒಣಗಿದ್ದಾಗ ತೂಗಿ. ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ದಾರ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ಆದರೆ ತಳಕ್ಕಾಗಲಿ ಗೋಡೆಗಾಗಲಿ ತಾಗದ ಹಾಗೆ ತೂಗುಬಿಡಿ. ತಳಕ್ಕೆ ತಾಗಿತೋ, ನಾಣ್ಯದ ಭಾರವೂ ಸೇರಿ ಅಂಕಿ ಎಲ್ಲಿಗೋ ಹೋಗುತ್ತದೆ. ಒಣ ತೂಕವನ್ನು, ನಾಣ್ಯ ಎಲ್ಲೂ ತಾಗದೆ ತೂಗುತ್ತಿರುವಾಗ ತಕ್ಕಡಿ ತೋರಿದ ಅಂಕಿಯಿಂದ ಭಾಗಿಸಿ, 0.997ರಿಂದ ಗುಣಿಸಿ (25 ಡಿಗ್ರಿ ನೀರಿನ ಸಾಂದ್ರತೆ ಅದು). ಬರುವುದು ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ: ಶುದ್ಧ ಬೆಳ್ಳಿ 10.49, 925 ಬೆಳ್ಳಿ ಸುಮಾರು 10.36, ತಾಮ್ರ 8.96. ಹಿತ್ತಾಳೆ, ಜರ್ಮನ್ ಸಿಲ್ವರ್ ಅದಕ್ಕೂ ಕೆಳಗೆ.

ಬಿಲ್ಲೆ_31
ನೀರಲ್ಲಿ 3.06 ಬಂತು. ಲೆಕ್ಕ ಹಾಕಿದರೆ 10.14. ಹಾಗಾದರೆ ಇದು 800ರ ಬೆಳ್ಳಿಯೇ?

ತಕ್ಕಡಿಮುಳ್ಳು
ಅಷ್ಟು ಬೇಗ ತೀರ್ಪು ಬೇಡ. ಯಾವ ದಾರ? ಹೊಲಿಗೆಯ ದಪ್ಪ ಹತ್ತಿ ದಾರವಾದರೆ ಅದೂ ನೀರನ್ನು ತಳ್ಳುತ್ತದೆ. ಒಂದು ಮಿಲಿಮೀಟರ್ ದಪ್ಪದ ದಾರ ಆರು ಸೆಂಟಿಮೀಟರ್ ಮುಳುಗಿದರೆ ಸುಮಾರು 0.05 ಗ್ರಾಂ ಜಾಸ್ತಿ ತೋರುತ್ತದೆ. ಅಂಚಿನ ಗೀರುಗಳಲ್ಲಿ ಸಿಕ್ಕ ಗುಳ್ಳೆಗಳದ್ದೂ ಅದೇ ಕಥೆ. ಎರಡೂ ಸಾಂದ್ರತೆಯನ್ನು ಕೆಳಕ್ಕೇ ಎಳೆಯುತ್ತವೆ. 0.2 ಮಿ.ಮೀ. ನೈಲಾನ್ ಎಳೆ ಬಳಸಿ, ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಮುಳುಗಿಸಿ ಮೆಲ್ಲಗೆ ಅಲುಗಾಡಿಸಿ. ಮೂರು ಸಲ ತೂಗಿ. ಅಂಕಿ ಒಂದೇ ಆಗಿ ನಿಲ್ಲಬೇಕು.

ಬಿಲ್ಲೆ_31
ದಪ್ಪ ಹತ್ತಿ ದಾರವೇ ಆಗಿತ್ತು! ಈಗ ಮೂರು ಸಲವೂ 2.96. ಅಂದರೆ 10.48.

ತಕ್ಕಡಿಮುಳ್ಳು
ಈಗ ಸರಿ. 925 ಆಗಿದ್ದರೆ 2.99–3.00 ತೋರಬೇಕಿತ್ತು. 0.03–0.04 ಗ್ರಾಂ ಅಂತರವಷ್ಟೇ, ಆದರೂ ಔನ್ಸ್ ನಾಣ್ಯಕ್ಕೆ ಸಾಕು. 10 ಗ್ರಾಂ ನಾಣ್ಯದಲ್ಲಿ ಆ ಅಂತರ ಬರೀ 0.01. ಅಲ್ಲಿ ತಾಮ್ರವನ್ನು ಹಿಡಿಯಬಹುದೇ ಹೊರತು 925, 999 ಯಾವುದೆಂದು ಈ ತಕ್ಕಡಿಯಲ್ಲಿ ಹೇಳಲಾಗದು.

ಒರೆಗಲ್ಲು
ಒಂದು ಸಂದು ಉಳಿದಿದೆ. ಸೀಸ 11.34, ತಾಮ್ರದ ಜೊತೆ ಲೆಕ್ಕ ಹಾಕಿ ಸೇರಿಸಿದರೆ ಒಟ್ಟು 10.49 ತರಬಹುದು. ಅದಕ್ಕೇ ಆಯಸ್ಕಾಂತ ಮತ್ತೆ ಬೇಕು, ಈ ಸಲ ಅಂಟಿಸಲು ಅಲ್ಲ. ನಾಣ್ಯವನ್ನು 45 ಡಿಗ್ರಿ ಓರೆ ಹಿಡಿದು, ಮೇಲಿಂದ ಸಣ್ಣ ನಿಯೋಡಿಮಿಯಮ್ ಆಯಸ್ಕಾಂತ ಜಾರಲು ಬಿಡಿ. ಬೆಳ್ಳಿಯ ಮೇಲೆ ಅದು ಜೇನಿನಲ್ಲಿ ಇಳಿದ ಹಾಗೆ ನಿಧಾನ ಇಳಿಯುತ್ತದೆ, ಏಕೆಂದರೆ ಲೋಹದಲ್ಲಿ ಹುಟ್ಟುವ ಸುಳಿ ವಿದ್ಯುತ್ ಅದನ್ನು ತಡೆಯುತ್ತದೆ. ಸೀಸ, ಜರ್ಮನ್ ಸಿಲ್ವರ್ ವಿದ್ಯುತ್ತನ್ನು ಅಷ್ಟಾಗಿ ಸಾಗಿಸವು, ಅವುಗಳ ಮೇಲೆ ಸರ್ರನೆ ಜಾರುತ್ತದೆ. ತಾಮ್ರದ ಮೇಲೂ ನಿಧಾನವೇ, ಆದರೆ ತಾಮ್ರ ಸಾಂದ್ರತೆಯಲ್ಲಿ ಸಿಕ್ಕಿಬೀಳುತ್ತದೆ. ಒಂದರಲ್ಲಿ ನುಸುಳಿದ್ದು ಇನ್ನೊಂದರಲ್ಲಿ ಸಿಗುತ್ತದೆ.

ಅರ_ಅಂಚು
ಕ್ಯಾಲಿಪರ್ ಇದ್ದರೆ ದಪ್ಪವನ್ನೂ ನೋಡಿ. ಅಮೆರಿಕನ್ ಸಿಲ್ವರ್ ಈಗಲ್ ನಾಣ್ಯದ ವ್ಯಾಸ 40.6, ದಪ್ಪ 2.98 ಮಿ.ಮೀ. ಅದೇ ವ್ಯಾಸ, ಅದೇ ತೂಕ ತಾಮ್ರದಲ್ಲಿ ಬರಬೇಕಾದರೆ ದಪ್ಪ ಶೇ 17ರಷ್ಟು ಹೆಚ್ಚಬೇಕು, ಹೆಚ್ಚುಕಡಿಮೆ 3.5. ಹಾಗೇ ಬ್ರಿಟನ್ನಿನ ಬ್ರಿಟಾನಿಯಾ ನಾಣ್ಯ 2012ರವರೆಗೆ 958 ಬೆಳ್ಳಿಯದು. ಹಳೆಯದು 10.49ಕ್ಕಿಂತ ಸ್ವಲ್ಪ ಕೆಳಗೆ ಬಂದರೆ ಗಾಬರಿ ಬೇಡ.

ಆ್ಯಸಿಡ್ ಬಗ್ಗೆ: ಮೇಲ್ಮೈಯನ್ನು ಒರೆಗಲ್ಲಿಗೆ ಉಜ್ಜಿದರೆ ಲೇಪನದ ಬೆಳ್ಳಿಯೇ ಕೆಂಪು ಬಣ್ಣ ಕೊಟ್ಟು ಪಾಸಾಗಿಬಿಡುತ್ತದೆ. ನಿಜ ತಿಳಿಯಬೇಕಾದರೆ ಅಂಚನ್ನು ಅರದಿಂದ ಕೊರೆಯಲೇಬೇಕು, ಆಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಆ ದ್ರಾವಣದಲ್ಲಿ ನೈಟ್ರಿಕ್ ಆ್ಯಸಿಡ್ ಜೊತೆ ಡೈಕ್ರೋಮೇಟ್ ಇರುತ್ತದೆ, ಕ್ಯಾನ್ಸರ್‌ಕಾರಕ. ಕೈಗವಸಿಲ್ಲದೆ ಮುಟ್ಟಬೇಡಿ. ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್-ರೇ ಬಿಟ್ಟು ಲೋಹ ಯಾವುದೆಂದು ಹೇಳುವಂಥದ್ದು) ಗೀರುವುದಿಲ್ಲ ನಿಜ, ಆದರೆ ಅದೂ ಮೇಲ್ಪದರವನ್ನೇ ಓದುವುದು. ಲೇಪನ ದಪ್ಪ ಇದ್ದರೆ ಅದಕ್ಕೂ 999 ಅನ್ನುತ್ತದೆ.

ಬಿಲ್ಲೆ_31
ಆಯಸ್ಕಾಂತ ನಿಧಾನವಾಗಿಯೇ ಇಳಿಯಿತು. ದಪ್ಪ 2.98. ಇಟ್ಟುಕೊಳ್ಳುತ್ತೇನೆ.