ಶುಲ್ಜ್ ಅವರ ಒಂದು ಚೌಕಟ್ಟನ್ನು ಪುಟದ ತುಂಬ ಹಿಗ್ಗಿಸಬಹುದೇ?

ಚಿತ್ರಪಟ್ಟಿ ಓದುಗ

ಅಮೆರಿಕದ ಪತ್ರಿಕೆಗಳಲ್ಲಿ ಬರುತ್ತಿದ್ದ ‘ಪೀನಟ್ಸ್’ ಚಿತ್ರಪಟ್ಟಿಯ (ಕಾಮಿಕ್ ಸ್ಟ್ರಿಪ್) ಕಲಾವಿದ ಚಾರ್ಲ್ಸ್ ಶುಲ್ಜ್ ಅವರ ಕುರಿತು ಪುಸ್ತಕ ವಿನ್ಯಾಸಕ ಚಿಪ್ ಕಿಡ್ ಎರಡು ಕಲಾಪುಸ್ತಕಗಳನ್ನು ರೂಪಿಸಿದ್ದಾರೆ. ಮೊದಲನೆಯದು ಶುಲ್ಜ್ ತೀರಿಕೊಂಡ ಮರುವರ್ಷ, 2001ರಲ್ಲಿ ಬಂದಿತು. ‘ಓನ್ಲಿ ವಾಟ್ಸ್ ನೆಸೆಸರಿ’ (ಬೇಕಾದಷ್ಟೇ) ಎಂಬ ಎರಡನೆಯದು ಬಂದದ್ದು 2015ರಲ್ಲಿ. ಎರಡಕ್ಕೂ ಛಾಯಾಚಿತ್ರ ತೆಗೆದವರು ಜೆಫ್ ಸ್ಪಿಯರ್. ಎರಡೂ ಕಣ್ಣಿಗೆ ಹಬ್ಬವೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ 1950ರ ಅಕ್ಟೋಬರ್ 2ರಿಂದ 2000ದ ಫೆಬ್ರುವರಿ 13ರವರೆಗೆ ಒಬ್ಬನೇ ಮನುಷ್ಯ ಸಹಾಯಕರಿಲ್ಲದೆ ಬರೆದ 17,897 ಪಟ್ಟಿಗಳಿಂದ ಅಲ್ಲೊಂದು ಇಲ್ಲೊಂದು ಚೌಕಟ್ಟನ್ನು ಕಿತ್ತು, ಪುಟದಂಚಿನವರೆಗೆ ಹಿಗ್ಗಿಸಿ, ವರ್ಣಚಿತ್ರದಂತೆ ತೋರಿಸುವುದು ಸರಿಯೇ ಎಂಬುದು ನನ್ನ ಪ್ರಶ್ನೆ. ಶುಲ್ಜ್ ಅವರ ಹಾಸ್ಯ ಎಷ್ಟೋ ಸಲ ನಿಂತಿರುವುದು ಯಾರೂ ಮಾತನಾಡದ ಮೂರನೆಯ ಚೌಕಟ್ಟಿನ ಮೇಲೆ. ಪಟ್ಟಿಯ ನಾಯಕನಾದ ಹುಡುಗ ಚಾರ್ಲಿ ಬ್ರೌನ್ ಸುಮ್ಮನೆ ಮುಂದೆ ನೋಡುತ್ತಾನೆ, ಅಷ್ಟೆ. ಹಿಂದಿನ ಎರಡು ಹಾಗೂ ಮುಂದಿನ ಒಂದು ಚೌಕಟ್ಟನ್ನು ತೆಗೆದುಬಿಟ್ಟರೆ ಆ ಮೌನಕ್ಕೆ ಏನು ಅರ್ಥ ಉಳಿಯುತ್ತದೆ?

ಅಚ್ಚುಮನೆ

ಓದುಗರೇ, ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಆದರೂ ಆ ಪಟ್ಟಿ ಮಾರುಕಟ್ಟೆಗೆ ಬಂದ ಬಗೆಯನ್ನು ನೋಡಿದರೆ ವಿಷಯ ಅಷ್ಟು ಸರಳವಲ್ಲ. ಶುರುವಿನಲ್ಲಿ ಅದನ್ನು ಪತ್ರಿಕೆಗಳಿಗೆ ಮಾರಿದ್ದೇ ಜಾಗ ಉಳಿಸುವ ಸರಕೆಂದು. ನಾಲ್ಕೂ ಚೌಕಟ್ಟುಗಳು ಒಂದೇ ಅಳತೆಯವಾಗಿದ್ದುದರಿಂದ ಸಂಪಾದಕರು ಅವನ್ನು ಅಡ್ಡಸಾಲಿನಲ್ಲಿ, ಎರಡರ ಕೆಳಗೆ ಎರಡರಂತೆ, ಇಲ್ಲವೇ ಒಂದರ ಕೆಳಗೊಂದರಂತೆ ಕಾಲಮ್ಮಿನಲ್ಲಿ ಇಳಿಬಿಟ್ಟು ಹೇಗೆ ಬೇಕಾದರೂ ಕೂರಿಸಬಹುದಿತ್ತು. ಈ ಕಟ್ಟುಪಾಡಿನಿಂದ ಶುಲ್ಜ್ ಹೊರಬಂದದ್ದು 1988ರಲ್ಲಿ. ಅಂದರೆ ಮೂವತ್ತೇಳು ವರ್ಷಕ್ಕೂ ಹೆಚ್ಚು ಕಾಲ ಅವರು ಪ್ರತಿ ಚೌಕಟ್ಟನ್ನೂ ಬಿಡಿಯಾಗಿ ನಿಲ್ಲಬಲ್ಲ ಚಿತ್ರವಾಗಿಯೇ ಬರೆಯಬೇಕಾಗಿತ್ತು. ಚೌಕಟ್ಟನ್ನು ಬಿಡಿಸಿಟ್ಟದ್ದು ಕಿಡ್ ಅವರ ಹೊಸ ಅಪರಾಧವೇನಲ್ಲ.

ಚಿತ್ರಪಟ್ಟಿ ಓದುಗ

ಜೋಡಣೆ ಬದಲಿಸುವುದು ಬೇರೆ, ಕಳಚಿ ಎಸೆಯುವುದು ಬೇರೆ. ಸಂಪಾದಕರು ಹೇಗೆ ಕೂರಿಸಿದರೂ ನಾಲ್ಕು ನಾಲ್ಕಾಗಿಯೇ ಇದ್ದವು. ಓದುವ ಕ್ರಮವೂ ಕೆಡಲಿಲ್ಲ. ಕಲಾಪುಸ್ತಕದಲ್ಲಿ ನಾಲ್ಕರಲ್ಲಿ ಮೂರು ಕಾಣೆಯಾದಾಗ ಉಳಿಯುವುದು ಒಬ್ಬ ಹುಡುಗನ ದುಂಡು ತಲೆ ಮಾತ್ರ. ಆ ತಲೆಯನ್ನು ಟೀ ಕಪ್ಪುಗಳ ಮೇಲೂ ಅಂಗಿಗಳ ಮೇಲೂ ನಾವು ಬೇಕಾದಷ್ಟು ನೋಡಿಯಾಗಿದೆ.

ಶಾಯಿಕುಡಿಕೆ

ನಾನು ಚಿತ್ರ ಬರೆಯುವವಳು, ಆದ್ದರಿಂದ ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ನನಗೆ ಹಿಗ್ಗಿಸಿದ ಪುಟಗಳೇ ಬೇಕು. ದಿನಪತ್ರಿಕೆಯಲ್ಲಿ ಅಂಗೈಯಗಲಕ್ಕೆ ಕುಗ್ಗಿದ ಪಟ್ಟಿಯ ಮೂಲ ಹಾಳೆ ಬಹುಕಾಲ ಎರಡಡಿಗೂ ಹೆಚ್ಚು ಉದ್ದವಿರುತ್ತಿತ್ತು. ಆ ಅಳತೆಯಲ್ಲಿ ಬರೆದವನು ಎಲ್ಲಿ ನಿಬ್ಬನ್ನು ಒತ್ತಿದ, ಎಲ್ಲಿ ಸಡಿಲ ಬಿಟ್ಟ ಎಂಬುದು ಪತ್ರಿಕೆಯ ಮುದ್ರಣದಲ್ಲಿ ಕಾಣುವಂತಿರಲಿಲ್ಲ. ಅವರು ಬಳಸುತ್ತಿದ್ದುದು ಎಸ್ಟರ್‌ಬ್ರೂಕ್ ಕಂಪನಿಯ 914 ಸಂಖ್ಯೆಯ ನಿಬ್ಬು. ಕಂಪನಿ ಬಾಗಿಲು ಮುಚ್ಚುವಾಗ ಉಳಿದ ದಾಸ್ತಾನನ್ನೆಲ್ಲ ಅವರೇ ಕೊಂಡಿಟ್ಟುಕೊಂಡರು. ನಿಬ್ಬಿನ ಬಗ್ಗೆ ಅಷ್ಟು ಹಟವಿದ್ದವರ ಗೆರೆಯನ್ನು ಹತ್ತಿರದಿಂದ ನೋಡುವುದು ಅವಮಾನವಾಗುವುದು ಹೇಗೆ? ಅವರ ಮಳೆಯನ್ನೇ ತೆಗೆದುಕೊಳ್ಳಿ. ಒಂದೊಂದು ಹನಿಯ ಗೆರೆಯೂ ಬೇರೆ ದಪ್ಪ, ಬೇರೆ ಓರೆ. ಚಿಕ್ಕದಾಗಿ ಅಚ್ಚಾದಾಗ ಅದು ಬರಿಯ ಬೂದು ಬಣ್ಣ. ಪಟ್ಟಿಯ ಪಿಯಾನೋ ಹುಡುಗ ಶ್ರೋಡರ್ ನುಡಿಸುವ ಬೀಥೋವನ್ ಸ್ವರಲಿಪಿಯಂತೂ ಅಲಂಕಾರಕ್ಕೆ ಗೀಚಿದ್ದಲ್ಲ. ಅಚ್ಚಾದ ಸ್ವರಪುಸ್ತಕವನ್ನು ಮುಂದಿಟ್ಟುಕೊಂಡು ನಕಲು ಮಾಡಿದ್ದು. ಸಂಗೀತ ಬಲ್ಲವರು ಅದು ಯಾವ ಕೃತಿಯೆಂದು ಓದಿ ಹೇಳಬಲ್ಲರು.

ಹಳೆ ಪತ್ರಿಕೆ

ಶಾಯಿಕುಡಿಕೆಯವರು ಮೂಲ ಹಾಳೆಯನ್ನೇ ನಿಜವಾದ ಕೃತಿಯೆಂದು ಭಾವಿಸಿದಂತಿದೆ. ನನಗೆ ಹಾಗೆ ತೋರುವುದಿಲ್ಲ. ಚಿತ್ರಪಟ್ಟಿಯ ಕಲಾವಿದ ಬರೆಯುವುದು ಅಚ್ಚಿಗಾಗಿ, ಅಗ್ಗದ ಕಾಗದಕ್ಕಾಗಿ, ಬೆಳಗಿನ ಕಾಫಿಯ ಹೊತ್ತಿಗಾಗಿ. ಮೂಲ ಹಾಳೆ ಆ ದಾರಿಯಲ್ಲಿ ಒಂದು ಮೆಟ್ಟಿಲು. ಶುಲ್ಜ್ ಅವರೂ ತಮ್ಮ ಮೂಲಗಳನ್ನು ಕೇಳಿದವರಿಗೆ ಧಾರಾಳವಾಗಿ ಕೊಟ್ಟುಬಿಡುತ್ತಿದ್ದರು. ಈ ಕಾರಣಕ್ಕೆ 2001ರ ಪುಸ್ತಕ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಅದರಲ್ಲಿ ಹಳದಿಗಟ್ಟಿದ ಪತ್ರಿಕೆಯ ತುಣುಕುಗಳನ್ನು ಶುಚಿಗೊಳಿಸದೆ, ಬಣ್ಣದ ಚುಕ್ಕೆಗಳು ಎದ್ದು ಕಾಣುವಂತೆ, ಕಾಗದದ ಒರಟುತನದೊಂದಿಗೇ ಚಿತ್ರೀಕರಿಸಿದ್ದಾರೆ. ಜನರು ಐವತ್ತು ವರ್ಷ ಕಂಡ ಪೀನಟ್ಸ್ ಅದೇ. 2015ರ ಪುಸ್ತಕ ಮೂಲ ಹಾಳೆಗಳ ಕಡೆಗೆ ಹೆಚ್ಚು ವಾಲಿದೆ. ಅದಕ್ಕೆ 2002ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ತೆರೆದ ಶುಲ್ಜ್ ವಸ್ತುಸಂಗ್ರಹಾಲಯ ನೆರವಾಗಿದೆ. ಅದು ಸುಂದರವೇ ಸರಿ, ಆದರೆ ಓದುಗನಿಗೆ ಎಂದೂ ತೋರಿಸದಿದ್ದ ಹಿತ್ತಲನ್ನು ಈಗ ಹೆಬ್ಬಾಗಿಲೆಂದು ಕರೆದಂತಿದೆ.

ಅಚ್ಚುಮನೆ

ಮುದ್ರಣದ ಕಸುಬಿನಿಂದ ಬಂದ ನನಗೆ ಆ ಚುಕ್ಕೆಗಳ ಮೇಲೆ ನಿಮಗಿರುವಷ್ಟು ಮೋಹವಿಲ್ಲ. ಪತ್ರಿಕೆಯ ಕಾಗದ ಶಾಯಿಯನ್ನು ಹೀರಿ ಗೆರೆಯನ್ನು ಹರಡುತ್ತದೆ. ಭಾನುವಾರದ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಅಂಚು ಜಾರುತ್ತವೆ. ಇವು ಯಂತ್ರದ ದೋಷಗಳು. ಅವನ್ನು ಕಲಾವಿದನ ಸ್ವಭಾವವೆಂಬಂತೆ ಪ್ರದರ್ಶಿಸುವಾಗ ಮೆರೆಯುವುದು ವಿನ್ಯಾಸಕಾರನ ಹಳೆಯ ವಸ್ತುಗಳ ಪ್ರೀತಿಯೇ ಹೊರತು ಶುಲ್ಜ್ ಅಲ್ಲ.

ಎಂಟನೇ ಪುಟ

ಇಲ್ಲಿಯವರೆಗೆ ಯಾರೂ ಎತ್ತದ ಒಂದು ಸಂಗತಿಯಿದೆ. 1981ರ ಹೃದಯ ಶಸ್ತ್ರಚಿಕಿತ್ಸೆಯ ನಂತರ ಶುಲ್ಜ್ ಅವರ ಕೈ ನಡುಗತೊಡಗಿತು, ಮತ್ತು ಕೊನೆಯ ಎರಡು ದಶಕಗಳ ಗೆರೆಗಳಲ್ಲಿ ಆ ನಡುಕ ಬೆಳೆಯುತ್ತ ಹೋದದ್ದು ಬರಿಗಣ್ಣಿಗೇ ಗೊತ್ತಾಗುತ್ತದೆ. ಪಟ್ಟಿಯನ್ನು ಚಿಕ್ಕದಾಗಿ ಓದುವಾಗ ನಾವು ಅದನ್ನು ದಾಟಿ ಮಾತಿಗೆ ಹೋಗುತ್ತೇವೆ. ಹಿಗ್ಗಿಸಿ ಪುಟದ ತುಂಬ ಹಾಕಿದಾಗ ನಡುಕವೇ ವಿಷಯವಾಗಿಬಿಡುತ್ತದೆ. ಗೌರವಿಸಲು ಹೊರಟ ಪುಸ್ತಕ ಒಬ್ಬ ವೃದ್ಧನ ಅಶಕ್ತತೆಯನ್ನು ಭೂತಗನ್ನಡಿಯ ಕೆಳಗಿಡುವುದು ನನಗೆ ಸಂಕಟ ತರುತ್ತದೆ.

ಶಾಯಿಕುಡಿಕೆ

ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಒಪ್ಪುವುದು ಕಷ್ಟ. ಕೈ ನಡುಗಿದರೂ ಬೇರೆಯವರ ಕೈಗೆ ಪೆನ್ನು ಕೊಡಲಿಲ್ಲವೆಂಬುದೇ ಆ ಮನುಷ್ಯನ ವೃತ್ತಿಜೀವನದ ದೊಡ್ಡ ಸಂಗತಿ. ತನ್ನ ನಂತರ ಇನ್ನೊಬ್ಬರು ಈ ಪಟ್ಟಿಯನ್ನು ಮುಂದುವರಿಸಬಾರದೆಂಬುದು ಅವರ ಅಪೇಕ್ಷೆಯಾಗಿತ್ತು. ಕುಟುಂಬ ಅದನ್ನು ನಡೆಸಿಕೊಟ್ಟಿತು. ಕೊನೆಯ ಭಾನುವಾರದ ಪಟ್ಟಿ ಅಚ್ಚಾಗಿ ಮನೆಗಳನ್ನು ಮುಟ್ಟುವ ಹಿಂದಿನ ರಾತ್ರಿ, ಫೆಬ್ರುವರಿ 12ರಂದು, ಅವರು ತೀರಿಕೊಂಡರು. ಆ ನಡುಗುವ ಗೆರೆಯನ್ನು ಅವರು ಮುಚ್ಚಿಡಲಿಲ್ಲ, ದಿನವೂ ಸಾವಿರಾರು ಪತ್ರಿಕೆಗಳಿಗೆ ಕಳಿಸಿದರು. ನಾವೇಕೆ ಅವರ ಪರವಾಗಿ ನಾಚಬೇಕು? ನನ್ನ ಕಣ್ಣಿಗಂತೂ ಆ ನಡುಕದಿಂದ ಹುಲ್ಲು ಹೆಚ್ಚು ಹುಲ್ಲಾಗಿದೆ.

ಹಳೆ ಪತ್ರಿಕೆ

ಇದನ್ನು ನಾನೂ ಒಪ್ಪುತ್ತೇನೆ. ನನ್ನ ದೂರು ಇನ್ನೊಂದು. ಕಲಾಪುಸ್ತಕಗಳು ಶುಲ್ಜ್ ಅವರನ್ನು ಚಿತ್ರಕಾರನೆಂದು ಎತ್ತರಕ್ಕೇರಿಸುವ ಭರದಲ್ಲಿ ಬರಹಗಾರನನ್ನು ಮರೆಸುತ್ತವೆ. ಲೂಸಿ ಎಂಬ ಹುಡುಗಿ ಐದು ಸೆಂಟಿಗೆ ಮನೋವೈದ್ಯ ಸಲಹೆ ಕೊಡುವ ಪಟ್ಟಿಗಳಲ್ಲಿ ಚಿತ್ರ ಹೆಚ್ಚುಕಡಿಮೆ ಒಂದೇ, ನಡೆಯುವುದೆಲ್ಲ ಮಾತಿನಲ್ಲಿ. ಅಂಥವು ದೊಡ್ಡ ಪುಟಕ್ಕೆ ಒದಗುವುದಿಲ್ಲವೆಂದು ಬಿಟ್ಟರೆ ಅರ್ಧ ಶುಲ್ಜ್ ಹೊರಗುಳಿದಂತೆ. ಫ್ಯಾಂಟಾಗ್ರಾಫಿಕ್ಸ್ ಪ್ರಕಾಶನ 2004ರಿಂದ 2016ರವರೆಗೆ ಸಂಪುಟಕ್ಕೆ ಸುಮಾರು ಎರಡು ವರ್ಷಗಳ ಪಟ್ಟಿಗಳಂತೆ ತಂದ ಸಮಗ್ರ ಆವೃತ್ತಿ ಹೆಚ್ಚಿನ ಗೌರವವೆಂದು ನನ್ನ ಎಣಿಕೆ. ಅಲ್ಲಿ ಯಾರೂ ಆರಿಸಿಲ್ಲ, ಸಪ್ಪೆ ದಿನಗಳೂ ಇವೆ.

ಚಿತ್ರಪಟ್ಟಿ ಓದುಗ

ಸಪ್ಪೆ ದಿನಗಳೂ ಇರಬೇಕೆಂಬ ಮಾತು ನನಗೆ ಹಿಡಿಸಿತು. ಶಾಯಿಕುಡಿಕೆಯವರ ಮಳೆ ಮತ್ತು ಸ್ವರಲಿಪಿಯ ಉದಾಹರಣೆಗಳಿಗೆ ನನ್ನ ಬಳಿ ಉತ್ತರವಿಲ್ಲ; ಅವನ್ನು ಹಿಗ್ಗಿಸಿಯೇ ನೋಡಬೇಕು. ಆದರೂ ಒಂದು ಷರತ್ತು ಬಿಡಲಾರೆ. ಚೌಕಟ್ಟೊಂದನ್ನು ಹಿಗ್ಗಿಸಿದಲ್ಲಿ ಎದುರು ಪುಟದ ಮೂಲೆಯಲ್ಲಾದರೂ ಪೂರ್ಣ ಪಟ್ಟಿಯನ್ನು, ಪ್ರಕಟವಾದ ದಿನಾಂಕದೊಂದಿಗೆ, ಚಿಕ್ಕದಾಗಿ ಅಚ್ಚು ಹಾಕಬೇಕು. ಅದಕ್ಕೆ ಬೇಕಾದದ್ದು ಎರಡಂಗುಲ ಜಾಗ.

ಎಂಟನೇ ಪುಟ

ಆ ಷರತ್ತಿಗೆ ನನ್ನ ಸಹಿಯೂ ಇರಲಿ. ಎರಡರಲ್ಲಿ ಯಾವುದನ್ನು ಮೊದಲು ಕೊಳ್ಳಬೇಕೆಂದು ಯೋಚಿಸುವವರಿಗೆ ನನ್ನ ಸಲಹೆಯೆಂದರೆ, ಕಲಾಪುಸ್ತಕಕ್ಕೆ ಮುಂಚೆ ಸಮಗ್ರ ಆವೃತ್ತಿಯ 1953–54ರ ಸಂಪುಟವನ್ನು ತರಿಸಿಕೊಳ್ಳಿ. 1954ರ ಮೇ ತಿಂಗಳ ಭಾನುವಾರಗಳಲ್ಲಿ ಲೂಸಿ ಗಾಲ್ಫ್ ಪಂದ್ಯಕ್ಕೆ ಹೋಗುವ ಪಟ್ಟಿಗಳಿವೆ, ಮತ್ತು ಅವುಗಳಲ್ಲಿ ದೊಡ್ಡವರ ಗುಂಪು ಚಿತ್ರದೊಳಗೇ ನಿಂತಿದೆ. ಮುಂದೆ ದೊಡ್ಡವರನ್ನು ಪೂರ್ತಿ ಹೊರಗಿಟ್ಟು, ಚಾರ್ಲಿ ಬ್ರೌನನ ನಾಯಿ ಸ್ನೂಪಿಯ ಮನೆಯನ್ನು ಪಕ್ಕದಿಂದ ಮಾತ್ರ ತೋರಿಸಿ, ಹಿನ್ನೆಲೆಯನ್ನು ನಾಲ್ಕು ಗೆರೆಗೆ ಇಳಿಸಿದ ಕಲಾವಿದನೇ ಇವನೆಂದು ನಂಬಲು ತುಸು ಹೊತ್ತು ಬೇಕಾಗುತ್ತದೆ. ಆ ಪುಟಗಳನ್ನು ಕಂಡ ಮೇಲೆ 2015ರ ಪುಸ್ತಕ ತೆರೆದರೆ, ಅದರ ಹೆಸರಿನಲ್ಲಿರುವ ‘ಬೇಕಾದಷ್ಟೇ’ ಎಂಬ ಮಾತಿಗೆ ಶುಲ್ಜ್ ಏನೇನನ್ನು ಬಿಟ್ಟುಕೊಡಬೇಕಾಯಿತೆಂಬುದು ಗೊತ್ತಾಗುತ್ತದೆ.