ಅಪ್‌ಡೇಟ್: ಲಾಕ್‌ಡೌನ್‌ನಲ್ಲಿ ನಿಂತುಹೋದ ನಮ್ಮ ಮೈಕ್ರೋಲೈಟ್ ವಿಮಾನ

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದ ಮೇಲೆ ನಾನಿಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಬೆಳಗಾವಿ ಹತ್ತಿರದ ಶೆಡ್‌ನಲ್ಲಿ ನಮ್ಮ ಎರಡು ಸೀಟಿನ ಮೈಕ್ರೋಲೈಟ್ ನಿಂತಿದೆ, ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿದರೆ ಸಾಕಾ ಅಂತ. ಬೇಡ ಅಂದವರೇ ಜಾಸ್ತಿ. ನಿಮ್ಮ ಮಾತು ಕೇಳಿದ್ದು ಒಳ್ಳೆಯದಾಯಿತು.

ಕಾರಣ ಈಗ ಸರಿಯಾಗಿ ಅರ್ಥವಾಗಿದೆ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆ ನೀರು ಹಾರಿಹೋಗುವಷ್ಟು ಆಯಿಲ್ ಐದು ನಿಮಿಷದಲ್ಲಿ ಕಾಯುವುದಿಲ್ಲ. ಒಳಗೇ ಉಳಿದು ತುಕ್ಕು ಹಿಡಿಸುತ್ತದೆ. ಮೊದಲೇ ನಮ್ಮ ಬೆಳಗಾವಿ ಮಳೆಗಾಲ, ತಿಂಗಳುಗಟ್ಟಲೆ ತೇವ. ಓಡಾಡಲು ಬಿಟ್ಟ ಮೇಲೆ ಶೆಡ್‌ಗೆ ಹೋದೆವು. ಎಂಜಿನಿಯರ್ ಫೋನಿನಲ್ಲಿ ಹೇಳಿದಂತೆ ಆಯಿಲ್ ಬದಲಿಸಿ, ಕಾರ್ಬುರೇಟರ್‌ನ ಪೆಟ್ರೋಲ್ ಖಾಲಿ ಮಾಡಿ, ಗಾಳಿ ಹೋಗುವ ಬಾಯಿ, ಸೈಲೆನ್ಸರ್ ಬಾಯಿ ಎರಡನ್ನೂ ಮುಚ್ಚಿದೆವು. ಬ್ಯಾಟರಿ ಬಿಚ್ಚಿ ಮನೆಗೆ ತಂದೆ.

ಒಂದು ತಪ್ಪಾಯಿತು. ಪಿಟೋ ಕೊಳವೆಗೆ ಕವರ್ ಹಾಕುವುದನ್ನು ಮರೆತಿದ್ದೆ. ಕಣಜದ ಹುಳ ಅದರೊಳಗೆ ಮಣ್ಣಿನ ಗೂಡು ಕಟ್ಟಿತ್ತು! ಎದುರು ಬರುವ ಗಾಳಿಯ ಒತ್ತಡ ಈ ಕೊಳವೆಯಿಂದಲೇ ವೇಗದ ಮೀಟರ್‌ಗೆ ಹೋಗುವುದು. ಅದು ಮುಚ್ಚಿಕೊಂಡರೆ ಮೇಲೆ ಹೋದಾಗ ನಿಜವಾದ ವೇಗ ಗೊತ್ತಾಗುವುದಿಲ್ಲ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಸುಮ್ನೆ ಊದಿ ತೆಗೆಯಬೇಡಿ, ಮೀಟರ್ ಕೆಡುತ್ತದೆ. ಎಂಜಿನಿಯರ್ ಬಂದು ಪೈಪ್ ಬಿಚ್ಚಿಯೇ ಸ್ವಚ್ಛ ಮಾಡಿದರು.

ಟೈರ್‌ಗಳಿಗೆ ಏನೂ ಆಗಿಲ್ಲ. ನಾನೂ ತಿಂಗಳುಗಟ್ಟಲೆ ಹಾರಿಲ್ಲ ಅಲ್ವಾ, ಮೊದಲ ಸುತ್ತು ತರಬೇತಿ ಕೊಟ್ಟ ಗುರುಗಳ ಜೊತೆಗೇ ಹೋಗುತ್ತೇನೆ.