ಅಪ್‌ಡೇಟ್: ಡ್ರೈವ್‌ವೇಗೆ ಕೊನೆಗೂ ಕಲ್ಲು ಆರಿಸಿದೆವು

ಇಂಗ್ಲೆಂಡಿನ ನಮ್ಮ ಮನೆ ಮುಂದೆ ಕಾರು ನಿಲ್ಲಿಸುವ ರೆಸಿನ್ ಬೌಂಡ್ ಡ್ರೈವ್‌ವೇಗೆ (ಸಣ್ಣ ಕಲ್ಲುಗಳನ್ನು ರೆಸಿನ್ ಎಂಬ ಅಂಟಿನಲ್ಲಿ ಕಲಸಿ ಹಾಸುವ ನೆಲ) ಕೆನೆ ಬಣ್ಣದ ಕಲ್ಲೋ, ಬೂದು ಗ್ರಾನೈಟೋ ಅಂತ ಕೇಳಿದ್ದೆನಲ್ಲ, ಕೆಲಸ ಮುಗಿಯಿತು. ಗ್ರಾನೈಟೇ ಗೆದ್ದಿತು.

"ಸ್ಯಾಂಪಲ್ ಮೇಲೆ ನೀರು ಹಾಕಿ ನೋಡಿ" ಎಂದವರಿಗೆ ದೊಡ್ಡ ಥ್ಯಾಂಕ್ಸ್. ರೆಸಿನ್ ಮೆತ್ತಿದ ಕಲ್ಲು ಯಾವಾಗಲೂ ಒದ್ದೆಯಾದ ಹಾಗೇ ಗಾಢವಾಗಿ ಕಾಣುತ್ತದೆ. ಚೀಲದಲ್ಲಿ ಸಪ್ಪೆಯಾಗಿದ್ದ ಬೂದು ಕಲ್ಲಿನಲ್ಲಿ ನೀರು ಬಿದ್ದ ತಕ್ಷಣ ಕರಿ ಚುಕ್ಕೆಗಳು ಎದ್ದು ಕಂಡವು! ಕೆನೆ ಬಣ್ಣದ್ದೂ ಚೆನ್ನಾಗಿತ್ತು. ಆದರೆ ಅದು ಸುಣ್ಣಕಲ್ಲು, ಕಾರಿನ ಚಕ್ರ ನಿಂತಲ್ಲೇ ತಿರುಗುವ ಜಾಗಕ್ಕೆ ಮೆದು. ಟೈರ್ ಗುರುತೂ ಜಾಸ್ತಿ ಕಾಣುತ್ತದೆ.

1-3 ಮತ್ತು 2-5 ಮಿ.ಮೀ. ಕಲ್ಲು ಬೆರೆಸಿ 18 ಮಿ.ಮೀ. ದಪ್ಪಕ್ಕೆ ಹಾಕಿದರು. ಸಣ್ಣದು ದೊಡ್ಡದರ ಸಂದಿಗೆ ಕೂತು ಬಿಗಿ ಕೊಡುತ್ತದೆ, ಆದರೂ ನೀರು ಇಳಿಯಲು ದಾರಿ ಉಳಿಯುತ್ತದೆ. ಅದು ಸುಮ್ನೆ ಅಲ್ಲ. 2008ರಿಂದ ಇಲ್ಲಿ ಮನೆ ಮುಂದೆ 5 ಚದರ ಮೀಟರ್‌ಗಿಂತ ಜಾಸ್ತಿ ಜಾಗಕ್ಕೆ ನೀರು ಇಂಗದ ನೆಲ ಹಾಕಿ ಮಳೆನೀರನ್ನು ರಸ್ತೆಗೆ ಬಿಟ್ಟರೆ ಪ್ಲಾನಿಂಗ್ ಅನುಮತಿ ಬೇಕು. ಹಾಗಾಗಿ ಕೆಳಗಿನ ಡಾಂಬರೂ ನೀರು ಇಳಿಯುವಂಥದ್ದೇ.

ಕಲ್ಲು ಮಾತ್ರ ಪೂರ್ತಿ ಒಣಗಿರಬೇಕು. ತೇವ ಇದ್ದರೆ ರೆಸಿನ್ ನೊರೆ ಬರುತ್ತದೆ.

ಹಿತ್ತಲಿನ ಕಾಲುದಾರಿಗೆ ಆ ಕೆನೆ ಕಲ್ಲೇ ಬೇಕು ಅಂತ ನಮ್ಮ ಮನೆಯವರು. ಅಲ್ಲಿ ಕಾರು ಓಡುವುದಿಲ್ಲ, ಹಾಕಬಹುದು ಅಲ್ವಾ?